ನನ್ನ ವೈರಸ್ ಪಾಠ, ಅತ್ತೆಯ ಹರಳೆಣ್ಣೆ

ಮದುವೆಯಾಗಿ ನೊಣವಿನಕೆರೆ ಕಡೆಯ ಆ ಹಳ್ಳಿಗೆ ಬಂದಾಗ ನನ್ನ ಹತ್ತಿರ ಇದ್ದದ್ದು ಒಂದು ಟ್ರಂಕು, ಒಂದು ಬಿ.ಎಸ್ಸಿ. ಡಿಗ್ರಿ, ಮತ್ತು ಯಾರಾದರೂ ತಪ್ಪು ಹೇಳಿದರೆ ತಿದ್ದದೆ ಇರಲಾರದ ಒಂದು ಕೆಟ್ಟ ಚಾಳಿ. ಟ್ರಂಕು ಅಟ್ಟ ಸೇರಿತು. ಡಿಗ್ರಿ ಟ್ರಂಕಿನೊಳಗೇ ಉಳಿಯಿತು. ಚಾಳಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಅತ್ತೆಯ ಮೇಲೆ ಪ್ರಯೋಗಿಸತೊಡಗಿದೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನ ಗಂಡ ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಕೆಲಸಕ್ಕಿದ್ದರು. ಶನಿವಾರ ಸಂಜೆಯ ಬಸ್ಸಿಗೆ ಬಂದರೆ ಸೋಮವಾರ ಬೆಳಗಿನ ಬಸ್ಸಿಗೆ ಹೊರಟುಬಿಡುತ್ತಿದ್ದರು. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಹಾಗಾಗಿ ವಾರವಿಡೀ ಮನೆಯಲ್ಲಿ ಮೂರೇ ಜೀವ: ಅತ್ತೆ, ನಾನು ಮತ್ತು ಒಂದು ಕೆಂದ ಹಸು. ಉಳುಮೆಗೆ ಬೇರೆಯವರ ಎತ್ತು ಕರೆಸುತ್ತಿದ್ದೆವು. ನಾನು ಮತ್ತು ಹಸು ಇಬ್ಬರಲ್ಲಿ ಯಾರ ಮೇಲೆ ಪ್ರೀತಿ ಹೆಚ್ಚು ಎಂದು ಕೇಳಿದರೆ ಅತ್ತೆ ಹಸುವಿನ ಕಡೆ ನೋಡುತ್ತಿದ್ದರು. ಅದರಲ್ಲಿ ಮುಚ್ಚುಮರೆ ಏನೂ ಇರಲಿಲ್ಲ.

ಹಸುವನ್ನು ಬಿಟ್ಟರೆ ಅತ್ತೆಗೆ ಪ್ರಾಣ ಅಂದರೆ ಪಕ್ಕದ ಮನೆಯಾಕೆ. ಇಬ್ಬರೂ ಒಂದೇ ವರ್ಷ ಆ ಊರಿಗೆ ಸೊಸೆಯರಾಗಿ ಬಂದವರಂತೆ. ದಿನಾ ಮಧ್ಯಾಹ್ನ ನಮ್ಮ ಜಗುಲಿಯಲ್ಲಿ ಕೂತು, ಒಂದೇ ತಟ್ಟೆಯಿಂದ ಎಲೆಯಡಿಕೆ ಹಾಕಿಕೊಂಡು, ಊರವರನ್ನೆಲ್ಲ ಒಬ್ಬೊಬ್ಬರಾಗಿ ಜರಡಿ ಹಿಡಿಯುತ್ತಿದ್ದರು. ಆ ವರ್ಷ ಪಕ್ಕದಾಕೆಯ ಕೊಟ್ಟಿಗೆಯಲ್ಲಿ ಒಂದು ಹೆಣ್ಣುಗರು ಹುಟ್ಟಿತ್ತು. ಸಾಲಾಗಿ ಮೂರು ಹೋರಿಗರು ಆದಮೇಲೆ ಹುಟ್ಟಿದ್ದು. ಅದರ ಹಣೆಯ ಚುಕ್ಕೆಯನ್ನು ವರ್ಣಿಸುವುದರಲ್ಲೇ ಒಂದು ಕವಳ ಮುಗಿದುಹೋಗುತ್ತಿತ್ತು.

ಆಗ ಪಕ್ಕದ ಊರಿಗೆ ಕಾಲುಬಾಯಿ ಜ್ವರ ಬಂತು. ದನಗಳ ಬಾಯಲ್ಲಿ ಹುಣ್ಣೆದ್ದು ಜೊಲ್ಲು ಸುರಿಯುತ್ತದೆ, ಗೊರಸಿನ ಸಂದು ಕೊಳೆಯುತ್ತದೆ, ಎಳೆಗರುಗಳಾದರೆ ನಿಂತಲ್ಲೇ ಕುಸಿದು ಸಾಯುವುದೂ ಉಂಟು. ಲಸಿಕೆ ಬರುವುದಕ್ಕೆ ಇನ್ನೂ ಹದಿನೈದು ದಿನ ಬೇಕೆಂದು ಪಶುವೈದ್ಯರು ಹೇಳಿ ಕಳಿಸಿದ್ದರು. ಜಗುಲಿಯಲ್ಲಿ ಅದೇ ಮಾತು ನಡೆದಿತ್ತು.

“ಅಲ್ಲ ಕಣೇ, ಅದೇ ಹಸೀನ ದಿನಾ ಮುಟ್ತೀವಿ, ಹಾಲು ಕರೀತೀವಿ. ಅದಕ್ಕೆ ಜ್ವರ ಬತ್ತದೆ, ನಮಗ್ಯಾಕೆ ಬರಾಕಿಲ್ಲ?” ಎಂದು ಪಕ್ಕದಾಕೆ ಕೇಳಿದರು.

“ನಮಗೆ ಗೊರಸೈತಾ?” ಎಂದರು ಅತ್ತೆ. ಅವರ ಪ್ರಕಾರ ವಿಷಯ ಅಲ್ಲಿಗೆ ಮುಗಿದಿತ್ತು.

ನನ್ನ ಚಾಳಿ ಎದ್ದು ಕೂತಿತು. ಬಿ.ಎಸ್ಸಿ.ಯ ಮೂರು ವರ್ಷಗಳಲ್ಲಿ ವೈರಸ್ಸಿನ ಬಗ್ಗೆ ನನಗೆ ಸಿಕ್ಕಿದ್ದು ಒಂದೇ ಒಂದು ತಾಸಿನ ಪಾಠ. ಆ ತಾಸಿನಲ್ಲೂ ಕೊನೆಯ ಕಾಲು ಗಂಟೆ ನಿದ್ದೆ ಮಾಡಿದ್ದೆ. ಉಳಿದ ಮುಕ್ಕಾಲು ಗಂಟೆಯ ಜ್ಞಾನವನ್ನೆಲ್ಲ ಹೊತ್ತುಕೊಂಡು ಒಳಗೆ ಹೋಗಿ, ಒಂದು ಸುಲಿದ ತೆಂಗಿನಕಾಯಿ ತಂದು ಇಬ್ಬರ ಮಧ್ಯೆ ಇಟ್ಟೆ.

“ಇದು ಹಸುವಿನ ಬಾಯೊಳಗಿನ ಒಂದು ಜೀವಕೋಶ ಅಂದ್ಕೊಳ್ಳಿ” ಎಂದೆ. “ಕಣ್ಣಿಗೆ ಕಾಣದಷ್ಟು ಚಿಕ್ಕದು. ಇಂಥವು ಲಕ್ಷಗಟ್ಟಲೆ ಇರ್ತವೆ.”

“ಹಸೀನ ಬಾಯಾಗೆ ಕಾಯಿ ಲಕ್ಷ” ಎಂದು ಪಕ್ಕದಾಕೆ ತಲೆಯಾಡಿಸಿದರು. ತಿಪಟೂರು ಸೀಮೆಯವರಿಗೆ ಕಾಯಿಯ ಲಕ್ಷದ ಲೆಕ್ಕ ಹೊಸದಲ್ಲ.

“ವೈರಸ್ಸು ಅದಕ್ಕಿಂತಲೂ ಚಿಕ್ಕದು. ಅದಕ್ಕೆ ಕೈಯಿಲ್ಲ, ಕಾಲಿಲ್ಲ, ಹಲ್ಲಿಲ್ಲ. ತಾನಾಗಿ ಎಲ್ಲಿಗೂ ಹೋಗೋಕಾಗಲ್ಲ, ತಾನಾಗಿ ಮರಿ ಹಾಕೋಕೂ ಆಗಲ್ಲ. ಜೀವಕೋಶದೊಳಗೆ ಸೇರಿಕೊಂಡರಷ್ಟೇ ಅದಕ್ಕೆ ಬದುಕು. ಆದರೆ ಈ ಚಿಪ್ಪು ಗಟ್ಟಿ, ಎಲ್ಲಿ ಬೇಕಾದರಲ್ಲಿ ಒಳಗೆ ಹೋಗೋಕಾಗಲ್ಲ. ಕಾಯಿಗೆ ಮೂರು ಕಣ್ಣಿದ್ದರೂ ಮೆತ್ತಗಿರೋದು ಒಂದೇ ಅಲ್ಲವಾ? ಹಾಗೇ ಜೀವಕೋಶದ ಮೈಮೇಲೂ ಅಲ್ಲಲ್ಲಿ ಒಂದೊಂದು ಜಾಗ ಇದೆ. ರಿಸೆಪ್ಟರ್ ಅಂತಾರೆ. ವೈರಸ್ಸು ತನಗೆ ಹೊಂದೋ ರಿಸೆಪ್ಟರ್ ಸಿಕ್ಕಿದರೆ ಅದಕ್ಕೆ ಅಂಟಿಕೊಳ್ಳುತ್ತೆ. ಅಂಟಿಕೊಂಡರೆ ಜೀವಕೋಶವೇ ಅದನ್ನ ಒಳಕ್ಕೆ ಎಳ್ಕೊಂಡುಬಿಡುತ್ತೆ. ಹಸು, ಎಮ್ಮೆ, ಕುರಿ, ಮೇಕೆ, ಹಂದಿ, ಇವುಗಳಲ್ಲಿ ಅದಕ್ಕೆ ಬೇಕಾದ್ದು ಸಿಗುತ್ತೆ. ನಮ್ಮಲ್ಲಿ, ನಾಯೀಲಿ, ಕುದುರೇಲಿ ಸಿಗಲ್ಲ.”

ಬರೀ ಅಂಟುವ ಜಾಗವೊಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ, ಒಳಗೆ ಹೋದ ಮೇಲೂ ವೈರಸ್ಸಿಗೆ ನೂರೆಂಟು ಅಡ್ಡಿಗಳಿವೆ ಎಂದು ಬಹಳ ವರ್ಷಗಳ ನಂತರ ಓದಿ ತಿಳಿದುಕೊಂಡೆ. ಅವತ್ತು ಜಗುಲಿಯಲ್ಲಿ ನನಗೆ ಯಾವ ಅನುಮಾನವೂ ಇರಲಿಲ್ಲ.

ಅತ್ತೆ ಕಾಯಿಯನ್ನು ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ಆ ಮೆತ್ತನೆಯ ಕಣ್ಣನ್ನು ಒತ್ತಿ ನೋಡಿದರು. “ಈ ಕಣ್ಣು ಕಳ್ಳ ಬರ್ಲಿ ಅಂತ ಇರೋದಲ್ಲ ಕಣವ್ವ. ಮೊಳಕೆ ಆಚೆ ಬರ್ಲಿ ಅಂತ ಇರೋದು. ಹಸೀನ ಬಾಯಾಗಿರೋದೂ ಅದರದ್ದೇ ಏನೋ ಕೆಲಸಕ್ಕಿರಬೇಕು. ಈ ಬಡ್ಡೆತ್ತದ್ದು ಅಲ್ಲಿಗೇ ಬಂದು ವಕ್ಕರಿಸ್ಕೊಂತದೆ.”

ರಿಸೆಪ್ಟರುಗಳು ಇರುವುದು ಜೀವಕೋಶದ ಸ್ವಂತ ಕೆಲಸಕ್ಕೆ, ವೈರಸ್ಸು ಅವುಗಳ ದುರುಪಯೋಗ ಮಾಡಿಕೊಳ್ಳುತ್ತದೆ ಎಂಬುದು ಬಹುಶಃ ನಾನು ನಿದ್ದೆ ಮಾಡಿದ ಕಾಲು ಗಂಟೆಯಲ್ಲಿ ಬಂದಿತ್ತು. ಶಾಲೆಯ ಮುಖ ನೋಡದ ಅತ್ತೆ ಅದನ್ನು ಅಡಿಕೆ ಅಗಿಯುತ್ತಲೇ ಹೇಳಿಬಿಟ್ಟಿದ್ದರು. ಹೊಟ್ಟೆಕಿಚ್ಚಾಯಿತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

“ಹಂಗಾರೆ ಆ ಕಣ್ಣಿಗೇ ಏನಾರ ಮೆತ್ತಿಬುಟ್ರೆ?” ಎಂದರು ಅತ್ತೆ.

“ತಾತ್ವಿಕವಾಗಿ ಸರಿ ಅತ್ತೆ. ಅಂಟೋಕೆ ಜಾಗ ಸಿಗದಿದ್ದರೆ ವೈರಸ್ಸು ಏನೂ ಮಾಡಕ್ಕಾಗಲ್ಲ.”

ಆ ‘ತಾತ್ವಿಕವಾಗಿ’ಯನ್ನು ನಾನು ಇನ್ನೂ ಸ್ವಲ್ಪ ಜೋರಾಗಿ ಹೇಳಬೇಕಿತ್ತು. ಅತ್ತೆ ‘ಸರಿ’ ಎಂಬುದನ್ನು ಮಾತ್ರ ಎತ್ತಿಕೊಂಡು ಕೊಟ್ಟಿಗೆಗೆ ಹೋದರು.

ನಮ್ಮ ಕಡೆ ಹರಳೆಣ್ಣೆ ಮನೆಯಲ್ಲೇ ಕಾಯಿಸುತ್ತಿದ್ದರು. ಅಂಟಂಟಾದ, ಮಂದವಾದ, ಒಮ್ಮೆ ಮೆತ್ತಿದರೆ ಸೀಗೆಪುಡಿಗೂ ಜಗ್ಗದ ಎಣ್ಣೆ. ಅದನ್ನು ಮೆತ್ತಿದರೆ ವೈರಸ್ಸಿನ ಅಪ್ಪನೂ ಜಾರಿ ಬೀಳುತ್ತಾನೆಂದು ಅತ್ತೆಯ ಲೆಕ್ಕ. ಹಸುವಿನ ನಾಲಗೆ, ಒಸಡು, ತುಟಿ, ಗೊರಸಿನ ಸಂದು, ಒಂದನ್ನೂ ಬಿಡಲಿಲ್ಲ. ಹಸು ಪಾಪ, ಮೆತ್ತಿದ್ದನ್ನೆಲ್ಲ ನೆಕ್ಕಿ ನುಂಗಿತು. ಎಣ್ಣೆ ಹೋಯಿತೆಂದು ಅತ್ತೆ ಮತ್ತೆ ಮೆತ್ತಿದರು. ಹಸು ಮತ್ತೆ ನೆಕ್ಕಿತು. ಹೀಗೆ ಎರಡು ದಿನ ನಡೆದು, ಗುರುವಾರದ ಹೊತ್ತಿಗೆ ಒಂದು ತಂಬಿಗೆ ಹರಳೆಣ್ಣೆ ಹಸುವಿನ ಹೊಟ್ಟೆ ಸೇರಿತ್ತು. ಹರಳೆಣ್ಣೆ ಕುಡಿದವರಿಗೆ ಏನಾಗುತ್ತದೆಂದು ಕನ್ನಡ ಓದುವವರಿಗೆ ನಾನು ವಿವರಿಸಬೇಕಾಗಿಲ್ಲ. ಗುರುವಾರ ಸಂಜೆ ಅದು ಶುರುವಾಯಿತು.

ಅದೇ ಸಂಜೆ ಊರಲ್ಲಿ ತಮಟೆ ಹೊಡೆದು ಸಾರಿದರು: ನಾಳೆ ಹೊರಬೀಡು. ರೋಗರುಜಿನ ಹತ್ತಿರ ಸುಳಿದಾಗ ನಮ್ಮ ಕಡೆ ಹಿಂದಿನಿಂದ ಬಂದ ಪದ್ಧತಿ ಇದು. ಹೊತ್ತು ಹುಟ್ಟುವ ಮೊದಲೇ ಊರಿಗೆ ಊರೇ ಮನೆಗಳಿಗೆ ಬೀಗ ಹಾಕಿ, ಮಕ್ಕಳುಮರಿ ದನಕರು ಸಮೇತ ಹೊರಗೆ ಹೋಗಬೇಕು. ತೋಟಗಳಲ್ಲೇ ಒಲೆ ಹೂಡಿ ಅಡುಗೆ. ಹೊತ್ತು ಮುಳುಗುವವರೆಗೆ ಊರೊಳಗೆ ಒಂದು ನರಪಿಳ್ಳೆ ಇರಬಾರದು, ಒಲೆ ಹೊಗೆಯಾಡಬಾರದು. ಮಾರಿ ಬಂದು ನೋಡಿ, ಯಾರೂ ಇಲ್ಲವೆಂದು ಬೇಸರಪಟ್ಟು ಮುಂದಿನ ಊರಿಗೆ ಹೋಗಿಬಿಡುತ್ತಾಳೆ. ಜೊತೆಗೆ, ಊರಿನ ದನಗಳನ್ನೆಲ್ಲ ತೋಪಿನಲ್ಲಿ ಒಟ್ಟಿಗೆ ನಿಲ್ಲಿಸಿ ಪೂಜಾರಪ್ಪ ತೀರ್ಥ ಚಿಮುಕಿಸಬೇಕು, ಆಮೇಲೆ ಅಲ್ಲಿಯ ಕಲ್ಲುಬಾನಿಯಲ್ಲಿ ಅವಕ್ಕೆಲ್ಲ ಬೇವಿನಸೊಪ್ಪಿನ ನೀರು ಕುಡಿಸಬೇಕು. ಒಂದೇ ಬಾನಿ, ಎಲ್ಲ ದನಗಳು. ನನ್ನ ಚಾಳಿ ಅಲ್ಲಿ ಕೆಲಸಕ್ಕೆ ಬರಬೇಕಿತ್ತು. ಆದರೆ ನಾನಾಗ ಬುಟ್ಟಿಗಟ್ಟಲೆ ಬೂದಿ ಹೊತ್ತು ಕೊಟ್ಟಿಗೆಗೆ ಸುರಿಯುತ್ತಿದ್ದೆ.

“ಇದನ್ನ ಇಂಗೆ ಬೀದೀಲಿ ಹೊಡ್ಕೊಂಡು ಹೋದ್ರೆ ಊರು ನಗ್ತದೆ ಕಣೇ. ನಡಿಯೋಕೂ ಕಸುವಿಲ್ಲ” ಎಂದರು ಅತ್ತೆ. “ನಾವು ಹೋಗೋದು ಬ್ಯಾಡ. ಒಳಗೇ ಇರಾನ. ಕೇಳಿದೋರಿಗೆ ದೂರದ ತೋಟಕ್ಕೆ ಹೋಗಿದ್ವಿ ಅಂದ್ರಾಯ್ತು.”

ಹೀಗೆ ಹೊರಬೀಡಿನ ದಿನ ಖಾಲಿ ಊರಿನಲ್ಲಿ ನಾವು ಮೂವರು ಉಳಿದೆವು. ಮುಂಬಾಗಿಲಿಗೆ ಹೊರಗಿನಿಂದ ಬೀಗ ಹಾಕಿ ಹಿತ್ತಿಲ ಕಡೆಯಿಂದ ಒಳಗೆ ಬಂದೆವು. ಒಲೆ ಹಚ್ಚುವಂತಿಲ್ಲ, ಕೊಬ್ಬರಿ ಬೆಲ್ಲ ತಿಂದು ಮಜ್ಜಿಗೆ ಕುಡಿದೆವು. ಮಾತನಾಡುವಂತಿಲ್ಲ, ಸನ್ನೆಯಲ್ಲೇ ಜಗಳವಾಡಿದೆವು. ಹಸು ಅಂಬಾ ಎನ್ನಲು ಹೊರಟಾಗಲೆಲ್ಲ ಅತ್ತೆ ಅದರ ಮೂತಿ ಹಿಡಿದುಕೊಂಡು ಕಿವಿಯಲ್ಲಿ ಏನೋ ಸಮಾಧಾನ ಹೇಳುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ಬೀದಿಯಲ್ಲಿ ಹೆಜ್ಜೆ ಸಪ್ಪಳ ಕೇಳಿತು. ಯಾರಾದರೂ ಉಳಿದಿದ್ದಾರೆಯೇ ಎಂದು ನೋಡಲು ತಳವಾರ ಬಂದಿದ್ದ, ಊರು ಕಾಯುವವನು. ಕೋಲಿನಿಂದ ಒಂದೊಂದೇ ಬಾಗಿಲು ತಟ್ಟುತ್ತಾ ಬಂದು ನಮ್ಮ ಮನೆಯ ಮುಂದೆ ನಿಂತ. ಅತ್ತೆ ಹಸುವಿನ ಮೂತಿಯನ್ನು ಅವುಚಿ ಹಿಡಿದರು. ಮೂತಿಯೇನೋ ಅವರ ಕೈಯಲ್ಲಿತ್ತು. ಹಿಂಭಾಗ ಯಾರ ಕೈಯಲ್ಲೂ ಇರಲಿಲ್ಲ. ಕಲ್ಲುಚಪ್ಪಡಿಯ ಮೇಲೆ ಧೋ ಎಂದು ಸುರಿದ ಆ ಸದ್ದು ಖಾಲಿ ಊರಿನ ನಿಶ್ಶಬ್ದದಲ್ಲಿ ಎಷ್ಟು ದೊಡ್ಡದಾಗಿ ಕೇಳಿತೆಂದರೆ ನಾನೇ ಒಂದು ಹೆಜ್ಜೆ ಹಿಂದೆ ಸರಿದೆ. ಬೀದಿಯಲ್ಲಿ ಕೋಲು ಬಿದ್ದ ಸದ್ದಾಯಿತು. ಆಮೇಲೆ ಓಡುವ ಸದ್ದು. ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು.

ತೋಪಿಗೆ ಓಡಿದ ತಳವಾರ, ಮಾರಿ ನಮ್ಮ ಬೀದಿಗೆ ಬಂದಿದ್ದನ್ನು ತಾನು ಕಿವಿಯಾರೆ ಕೇಳಿದೆನೆಂದು ಹೇಳಿದನಂತೆ. ಮಳೆ ಸುರಿದಂತೆ ಬಂದಳು, ಆಮೇಲೆ ನಿಟ್ಟುಸಿರು ಬಿಟ್ಟಳು ಎಂದನಂತೆ. ಊರವರು ಅವನಿಗೆ ಎಳನೀರು ಕುಡಿಸಿ ಕೂರಿಸಿ, ಮಾರಿ ಬಂದು ಹೋದಳಲ್ಲ, ಇನ್ನು ಭಯವಿಲ್ಲ ಎಂದುಕೊಂಡರು.

ನಾಲ್ಕನೇ ದಿನ ಊರಿನ ದನಗಳು ಜೊಲ್ಲು ಸುರಿಸತೊಡಗಿದವು. ಯಾರೋ ಸಂತೆಯಿಂದ ಹೊಸದಾಗಿ ತಂದಿದ್ದ ಎತ್ತು ಹೊರಬೀಡಿನ ದಿನವೇ ಬಾಯಿ ಚಪ್ಪರಿಸುತ್ತಿತ್ತಂತೆ. ಅದು ಮೂತಿ ಇಟ್ಟ ಬಾನಿಯಲ್ಲೇ ಊರಿನ ದನಗಳೆಲ್ಲ ಮೂತಿ ಇಟ್ಟಿದ್ದವು. ಒಂದೊಂದು ಕೊಟ್ಟಿಗೆಯಲ್ಲೂ ಒಂದೊಂದು ದನ ಕುಂಟತೊಡಗಿತು. ನಮ್ಮ ಹಸು ಮಾತ್ರ ಭೇದಿ ನಿಂತು, ಹೊಟ್ಟೆ ಹಗುರಾಗಿ, ಮೊದಲಿಗಿಂತ ಹೆಚ್ಚು ಮೇಯುತ್ತಿತ್ತು.

ಜನ ಬಿಡುತ್ತಾರೆಯೇ? ಅತ್ತೆ ಹರಳೆಣ್ಣೆ ಮೆತ್ತುತ್ತಿದ್ದುದನ್ನು ಯಾರೋ ಹಿತ್ತಿಲಿಂದ ನೋಡಿದ್ದರು. ಜಗುಲಿಯ ಪಾಠವನ್ನು ಪಕ್ಕದಾಕೆಯೇ ಊರಿಗೆಲ್ಲ ಹಂಚಿದ್ದರು. ಬೆಳಗಾದರೆ ನಮ್ಮ ಬಾಗಿಲಲ್ಲಿ ತಂಬಿಗೆ ಹಿಡಿದ ಜನ. ಅತ್ತೆ ಎಣ್ಣೆ ಹೊಯ್ದು ಕಳಿಸುತ್ತಿದ್ದರು, ನಾನು ಪಕ್ಕದಲ್ಲಿ ನಿಂತು ರಿಸೆಪ್ಟರ್ ವಿವರಿಸುತ್ತಿದ್ದೆ. ಪೂಜಾರಪ್ಪನವರೇ ನನ್ನನ್ನು ಕೇಳಿ ತಿಳಿದುಕೊಂಡರು. ಅಟ್ಟದ ಮೇಲಿದ್ದ ಡಿಗ್ರಿಗೆ ಜೀವ ಬಂದಂತಾಗಿತ್ತು. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ಆ ಎರಡು ದಿನ ನಾನು ತುಂಬಾ ಸುಖವಾಗಿದ್ದೆ.

ನಾಚಿಕೆ ಯಾಕೆಂದರೆ, ನನಗೆ ನಿಜ ಗೊತ್ತಿತ್ತು. ಹಸು ಉಳಿದದ್ದು ಎಣ್ಣೆಯಿಂದಲ್ಲ, ಬಾನಿಯ ಹತ್ತಿರ ಹೋಗದೆ ಇದ್ದುದರಿಂದ. ವೈರಸ್ಸೇ ಬಾಯಿಗೆ ಬರಲಿಲ್ಲ, ಇನ್ನು ಅಂಟುವ ಮಾತೆಲ್ಲಿ? ಎಣ್ಣೆ ಬಾಯಲ್ಲಿ ನಿಂತಿದ್ದರೆ ತಾನೆ ಏನನ್ನಾದರೂ ಮುಚ್ಚುವುದು. ಅಂಟುವುದನ್ನೇ ತಡೆಯಬೇಕೆಂಬ ಅತ್ತೆಯ ಯೋಚನೆಯಲ್ಲಿ ತಪ್ಪಿರಲಿಲ್ಲ. ಲಸಿಕೆಯಿಂದ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳೆಂಬ ಕಾವಲು ಕಣಗಳು ಮಾಡುವುದೂ ಅದನ್ನೇ. ಅವು ಜೀವಕೋಶವನ್ನು ಬಿಟ್ಟು ವೈರಸ್ಸಿಗೇ ಮುತ್ತಿಕೊಂಡು, ಅದು ಎಲ್ಲೂ ಅಂಟದಂತೆ ಮಾಡುತ್ತವೆ. ಹರಳೆಣ್ಣೆಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು. ಜ್ವರದಲ್ಲಿರುವ ದನ ಅದನ್ನು ನುಂಗಿ ಭೇದಿ ಹತ್ತಿಸಿಕೊಂಡರೆ ಇದ್ದ ಕಸುವೂ ಹೋಗುತ್ತದೆ.

ಎರಡನೆಯ ದಿನ ಸಂಜೆ ಅಡುಗೆಮನೆಯಲ್ಲಿ ಇದನ್ನು ಅತ್ತೆಗೆ ಹೇಳಿದೆ. ಅವರು ರಾಗಿ ಹಿಟ್ಟು ಕಲಸುತ್ತಿದ್ದ ಕೈ ನಿಲ್ಲಿಸಿದರು.

“ಅಂದ್ರೆ ನಾವು ಊರೊಳಗೇ ಇದ್ವಿ ಅಂತ ಹೇಳ್ಬೇಕು” ಎಂದರು. “ಹೊರಬೀಡು ಕೆಡಿಸಿದ್ದು ನಾನು ಅಂತಾರೆ. ಮಾರಿ ಬಂದಾಗ ಒಂದು ಮನೇಲಿ ಜನ ಇದ್ರು, ಅದಕ್ಕೇ ನಿಂತ್ಕೊಂಡ್ಲು ಅಂತಾರೆ. ಸಾಯೋಗಂಟ ಅಂತಾರೆ.”

ಅದು ನಿಜ. ತಪ್ಪು ಕಂಡರೆ ತಿದ್ದದೆ ಬಿಡದವಳು ಜೀವನದಲ್ಲಿ ಮೊದಲ ಸಲ ತಿದ್ದದೆ ಬಿಟ್ಟೆ.

ಮಾರನೆಯ ಬೆಳಗ್ಗೆ ಗೋಡೆಯಾಚೆಯಿಂದ ಪಕ್ಕದಾಕೆಯ ದನಿ ಕೇಳಿತು. ಕರು ರಾತ್ರಿಯಿಂದ ಜೊಲ್ಲು ಸುರಿಸುತ್ತಿದೆ, ಹಾಲಿಗೆ ಬಾಯಿ ಹಾಕುತ್ತಿಲ್ಲ, ಬಾಯಿಗೆ ಮೆತ್ತಿದರೆ ನಿಲ್ಲುವುದಿಲ್ಲ, ಕುಡಿಸಿಯೇ ಬಿಡೋಣ, ಸ್ವಲ್ಪ ಹಿಡ್ಕೊಳ್ಳಿ ಬನ್ನಿ ಎಂದು ಯಾರನ್ನೋ ಕರೆಯುತ್ತಿದ್ದರು. ಅತ್ತೆ ನನ್ನ ಮುಖ ನೋಡಿದರು. ಅವರು ಎದ್ದು ಹೊರಟರು.

ಹಿಂದೆಯೇ ಓಡಿ ನಾನು ನೋಡಿದ್ದು ಇದು. ಊರಿನ ಪಟೇಲರು ಕರುವಿನ ತಲೆ ಎತ್ತಿ ಹಿಡಿದಿದ್ದರು, ತಳವಾರ ಕಾಲು ಹಿಡಿದಿದ್ದ. ಪಕ್ಕದಾಕೆ ದನಗಳಿಗೆ ಔಷಧ ಕುಡಿಸುವ ಬಿದಿರಿನ ಗೊಟ್ಟದ ತುಂಬ ನಮ್ಮ ಮನೆಯ ಹರಳೆಣ್ಣೆ ತುಂಬಿ ಕರುವಿನ ಬಾಯಿಗೆ ಇಡುತ್ತಿದ್ದರು. ಅತ್ತೆ ಹೋದವರೇ ಆ ಗೊಟ್ಟಕ್ಕೆ ಕೈ ಹಾಕಿ ಕಿತ್ತರು. ಎಣ್ಣೆಯೆಲ್ಲ ಪಟೇಲರ ಮಡಿ ಪಂಚೆಯ ಮೇಲೆ ಚೆಲ್ಲಿತು.

“ಕುಡಿಸ್ಬ್ಯಾಡ ಕಣೇ! ಭೇದಿಯಾಗಿ ಸತ್ತೋಗ್ತದೆ. ನನ್ ಹಸ ಎಣ್ಣೆಯಿಂದ ಉಳೀಲಿಲ್ಲ. ಅದು ಬಾನಿ ನೀರು ಕುಡೀಲಿಲ್ಲ, ಅದಕ್ಕೆ ಉಳೀತು. ಹೊರಬೀಡಿನ ದಿನ ನಾವು ಊರೊಳಗೇ ಇದ್ವಿ.”

ತಳವಾರ ಕರುವಿನ ಕಾಲು ಬಿಟ್ಟು ನಿಧಾನವಾಗಿ ಎದ್ದು ನಿಂತ.

“ಹಂಗಾರೆ ಅವತ್ತು ನಾನ್ ಕೇಳಿದ್ದು?”

“ನನ್ ಹಸೀನ ಭೇದಿ ಕಣಪ್ಪ.”

ಪಟೇಲರು ನಕ್ಕುಬಿಟ್ಟರು. ಎಣ್ಣೆ ಮೆತ್ತಿದ ಪಂಚೆಯಲ್ಲಿ ನಿಂತು, ತಡೆಯಲಾರದೆ, ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ತಳವಾರನ ಮುಖ ನೋಡಿದರೆ ಯಾರಿಗಾದರೂ ನಗು ಬರುತ್ತಿತ್ತು. ಪಕ್ಕದಾಕೆ ನಗಲಿಲ್ಲ.

“ನಿನ್ ಹಸ ಉಳಿಸ್ಕೊಳ್ಳೋಕೆ ಮಾರೀನ ನನ್ ಕೊಟ್ಟಿಗೆಗೆ ತಳ್ದಲ್ಲೇ” ಎಂದು ಹೇಳಿ, ಕರುವನ್ನು ತಬ್ಬಿಕೊಂಡು ಕೂತರು.

ಪಟೇಲರು ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು. “ಏನವ್ವ, ಓದಿದೋಳು ನೀನು. ಏನ್ ಮಾಡಾನ ಹೇಳು.”

ಈ ಸಲ ನಾನು ಕಾಯಿ ತರಲಿಲ್ಲ. ದನಗಳನ್ನು ಒಟ್ಟಿಗೆ ನಿಲ್ಲಿಸಬೇಡಿ, ಒಂದೇ ಬಾನಿಯ ನೀರು ಬೇಡ, ಎಣ್ಣೆ ಬೇಡವೇ ಬೇಡ, ಗಂಜಿ ಕುಡಿಸಿ, ವೈದ್ಯರನ್ನು ಕರೆಸಿ ಎಂದೆ. ಅಷ್ಟು ಹೇಳುವುದಕ್ಕೆ ಎರಡು ದಿನ ತಡ ಮಾಡಿದ್ದೆ.

ಮೊದಲನೆಯ ಹೊರಬೀಡು ಕೆಟ್ಟಿದ್ದರಿಂದ ಇನ್ನೊಂದು ಆಗಲೇಬೇಕೆಂದು ಪಟೇಲರು ತೀರ್ಮಾನಿಸಿದರು. ಆದರೆ ಈ ಸಲ ಅವರವರ ದನ ಅವರವರ ತೋಟದಲ್ಲೇ, ಅವರವರ ಬಕೀಟಿನಲ್ಲೇ ನೀರು. ಜ್ವರ ಬಂದ ದನಗಳು ಕಾಲು ವಾಸಿಯಾಗುವ ತನಕ ತೋಟ ಬಿಟ್ಟು ಬರಕೂಡದು. “ಮಾರಿಗೂ ಸಮ, ಈಯಮ್ಮನ ವೈರಸ್ಸಿಗೂ ಸಮ” ಎಂದರು. ತಪ್ಪಿಗೆ ಪೂಜೆಯ ಕಾಯಿಗಳೆಲ್ಲ ನಮ್ಮ ಮನೆಯಿಂದಲೇ ಹೋದವು. ವೈದ್ಯರು ಬಂದು ದನಗಳ ಬಾಯಿ, ಕಾಲುಗಳನ್ನು ನೇರಳೆ ಬಣ್ಣದ ನೀರಿನಲ್ಲಿ ತೊಳೆಸಿ, ಯಾರ ಬುದ್ಧಿ ಇದು, ಒಳ್ಳೆಯದಾಯಿತು ಎಂದರು. ಎಲ್ಲರೂ ಮಾರಮ್ಮನ ಗುಡಿಯ ಕಡೆ ಕೈ ತೋರಿಸಿದರು.

ಆ ಒಂದು ವಾರ ಅತ್ತೆ ಸರಿಯಾಗಿ ಊಟ ಮಾಡಲಿಲ್ಲ. ಪಕ್ಕದಾಕೆಯ ತೋಟದ ಕಡೆ ತಾವು ತಲೆಹಾಕುವಂತಿರಲಿಲ್ಲ. ಬೆಳಗಾದರೆ ನನ್ನನ್ನು ಕಳಿಸುತ್ತಿದ್ದರು, “ಕರ ಎದ್ದೈತಾ ನೋಡ್ಕೊಂಡು ಬಾ.” ಮಲಗಿದೆ ಎಂದರೆ ಕೊಟ್ಟಿಗೆಗೆ ಹೋಗಿ ಹಸುವಿನ ಹತ್ತಿರ ಕೂತುಬಿಡುತ್ತಿದ್ದರು. ಎಂಟನೆಯ ದಿನ ಕರು ಎದ್ದು ನಿಂತು ತಾಯಿಯ ಕೆಚ್ಚಲಿಗೆ ಬಾಯಿ ಹಾಕಿತು. ಬಂದು ಹೇಳಿದೆ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ಇನ್ನೊಂದು ಮುದ್ದೆ ಇಕ್ಕು ಎಂದರು.

ಪಕ್ಕದಾಕೆ ಮಾತು ಬಿಟ್ಟರು. ನಾನು ಎರಡು ಮೂರು ಸಲ ಹೋಗಿ, ಬಾನಿ, ವೈರಸ್ಸು ಎಂದು ಮತ್ತೆ ವಿವರಿಸಿ ನೋಡಿದೆ. ಅವರು ಎಲ್ಲ ಕೇಳಿ, “ನಿಂಗೊತ್ತಾಗಕಿಲ್ಲ ಬುಡವ್ವ” ಎನ್ನುತ್ತಿದ್ದರು. ಮಧ್ಯಾಹ್ನವಾದರೆ ಇಬ್ಬರೂ ಅವರವರ ಜಗುಲಿಯಲ್ಲಿ, ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂತು ಎಲೆಯಡಿಕೆ ಅಗಿಯುತ್ತಿದ್ದರು. ಮಧ್ಯದಲ್ಲಿ ನಾನು ಟಪಾಲಿನವಳು. “ಸುಣ್ಣ ಐತಾ ಕೇಳು.” “ಇಲ್ಲ ಅಂತ ಹೇಳು.” ಹೀಗೇ ಮೂರು ವರ್ಷದ ಮೇಲಾಯಿತು.

ಒಂದು ದಿನ ಪಕ್ಕದಾಕೆ ಮುಚ್ಚಳ ಮುಚ್ಚಿದ ಬಟ್ಟಲೊಂದನ್ನು ತಂದು ನನ್ನ ಕೈಗೆ ಕೊಟ್ಟರು. ಆ ಕರು ದೊಡ್ಡದಾಗಿ ಕರು ಹಾಕಿತ್ತು. ಅದರ ಮೊದಲ ಹಾಲಿನ ಗಿಣ್ಣು ಅದು, ಏಲಕ್ಕಿ ಹಾಕಿ ಕಾಸಿದ್ದು. “ನಿಮ್ಮತ್ತೆಗೆ ಕೊಡು” ಎಂದರು. ಅತ್ತೆ ಒಂದು ಮಾರು ದೂರದಲ್ಲಿ ಕಂಬಕ್ಕೊರಗಿ ಕೂತಿದ್ದರು. ಪಕ್ಕದಾಕೆ ಹೊಸಿಲ ಹತ್ತಿರವೇ ನಿಂತರು, ಹೋಗಲಿಲ್ಲ.

ಅತ್ತೆ ಒಂದು ತುಂಡು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಆಮೇಲೆ ನನ್ನ ಕಡೆ ತಿರುಗಿ, “ಬೆಲ್ಲ ಕಮ್ಮಿಯಾಗೈತೆ ಅಂತ ಹೇಳು ಅವಳಿಗೆ” ಎಂದರು.

ನಾನು ಹೇಳಲು ಬಾಯಿ ತೆರೆಯುವ ಮೊದಲೇ ಹೊಸಿಲಿನಿಂದ ಉತ್ತರ ಬಂತು. “ನಿನ್ ಬಾಯಿಗೆ ಯಾವತ್ತೇ ಬೆಲ್ಲ ಸಾಕಾಗಿತ್ತು? ಅತ್ಲಾಗೆ ಸರ್ಕೋ, ಕೂತ್ಕಂತೀನಿ.”